ಸಾವಿರಕ್ಕೊಬ್ಬರು

"ಹೆದರೋದೇನೂ ಇಲ್ಲ ಸರ್. ಜಾರಿದ ಎಲುಬನ್ನ ಹಿಂದಕ್ಕೆ ಎಳೆದು ಅದರ ಜಾಗದಲ್ಲಿ ಕೂರಿಸ್ತೀವಿ. ಎರಡು ಕಂಬಿ, ನಾಲ್ಕು ಸ್ಕ್ರೂ, ಅಷ್ಟೇ. ನಾಲ್ಕನೇ ದಿನ ನಡ್ಕೊಂಡು ಮನೆಗೆ ಹೋಗ್ತೀರಿ" ಎಂದ ಶಿಷ್ಯ.

ಪರೀಕ್ಷೆಯ ಮಂಚದ ಮೇಲೆ ಅಂಗಾತ ಮಲಗಿದ್ದ ದೊಡ್ಡ ಡಾಕ್ಟರಿಗೆ ಮೈಯೆಲ್ಲ ಉರಿಯಿತು. ಅದು ಅವರದೇ ಮಾತು. ಇಪ್ಪತ್ತೆರಡು ವರ್ಷದಿಂದ ಇದೇ ಕೋಣೆಯಲ್ಲಿ, ಇದೇ ಧಾಟಿಯಲ್ಲಿ ರೋಗಿಗಳಿಗೆ ಹೇಳುತ್ತ ಬಂದದ್ದು. ಕೊನೆಗೆ ಭುಜ ತಟ್ಟುವುದನ್ನೂ ಶಿಷ್ಯ ಬಿಟ್ಟಿರಲಿಲ್ಲ.

ಈಗ ಅವರದೇ ಸೊಂಟದ ಕೊನೆಯ ಎಲುಬು ಕೆಳಗಿನದರ ಮೇಲಿಂದ ಅರ್ಧಕ್ಕಿಂತ ಹೆಚ್ಚು ಮುಂದಕ್ಕೆ ಜಾರಿತ್ತು. ಬೇರೆಯವರಾಗಿದ್ದರೆ "ನಾಳೆ ಬೆಳಿಗ್ಗೆಯೇ ಅಡ್ಮಿಟ್ ಆಗಿಬಿಡಿ" ಎನ್ನುತ್ತಿದ್ದವರು, ತಮ್ಮ ಬುಡಕ್ಕೆ ಬಂದಾಗ ಎಣ್ಣೆ, ಬೆಲ್ಟು, ಬಿಸಿನೀರಿನ ಚೀಲ ಎಂದು ಆರು ತಿಂಗಳು ತಳ್ಳಿದ್ದರು. ಎರಡೂ ಕಾಲಿಗೆ ಜೋಮು ಹತ್ತಿ, ವಾರ್ಡಿನಲ್ಲಿ ಹತ್ತು ಹೆಜ್ಜೆಗೊಮ್ಮೆ ಕುರ್ಚಿ ಹುಡುಕುವಂತಾದ ಮೇಲೆ ಬೇರೆ ದಾರಿ ಉಳಿದಿರಲಿಲ್ಲ.

"ಎಲುಬು ಎಳೆಯುವಾಗ ನರ ಜಗ್ಗಿದ್ರೆ? ಪಾದ ಎತ್ತೋಕೇ ಆಗದೆ ಹೋದ್ರೆ?" ಎಂದು ಕೇಳಿದರು.

"ಸಾವಿರಕ್ಕೊಬ್ಬರಿಗೆ ಸರ್."

"ಅದು ರೋಗಿಗಳಿಗೆ ಹೇಳೋ ಲೆಕ್ಕ. ನನಗೇ ಹೇಳ್ತೀಯಲ್ಲ! ನಿಜವಾದ್ದು ಎಷ್ಟು?"

ಶಿಷ್ಯ ತಲೆ ಕೆರೆದುಕೊಂಡ. "ನಿಜವಾದ್ದು ನಮ್ಮ ಹತ್ರ ಇಲ್ಲ ಸರ್. ಇಷ್ಟೊಂದು ಜಾರಿದವರು ಅಂತ ರಿಜಿಸ್ಟರಿನಲ್ಲಿ ಇರೋದೇ ಮುನ್ನೂರ ಹನ್ನೆರಡು ಜನ. ಅವರಲ್ಲಿ ನೂರ ತೊಂಬತ್ತು ಜನ ಆಪರೇಷನ್ ಆದ್ಮೇಲೆ ಮತ್ತೆ ಈ ಕಡೆ ಬಂದಿಲ್ಲ. ಅವರನ್ನ ಏನಂತ ಬರ್ಕೊಳ್ಳಲಿ ಅಂತ ನಾನು ಸೇರಿದ ಹೊಸದರಲ್ಲಿ ಕೇಳಿದ್ದೆ. 'ತೊಂದರೆ ಇದ್ದಿದ್ರೆ ಬರ್ತಿದ್ರು. ಬಂದಿಲ್ಲ ಅಂದ್ರೆ ಗುಣ ಆಗಿದೆ ಅಂತ ಅರ್ಥ, ಹಾಗೇ ಬರ್ಕೋ' ಅಂದ್ರಿ."

ಅಂದದ್ದು ಹೌದು. ಆ ರಿಜಿಸ್ಟರನ್ನು ಹಿಡಿದುಕೊಂಡೇ ಅವರು ಸಮ್ಮೇಳನದಿಂದ ಸಮ್ಮೇಳನಕ್ಕೆ ಹಾರಿದ್ದರು, ಭಾಷಣ ಬಿಗಿದಿದ್ದರು, ಚಪ್ಪಾಳೆ ಗಿಟ್ಟಿಸಿದ್ದರು. ಮುನ್ನೂರು ಚಿಲ್ಲರೆ ಜನರಲ್ಲಿ ಸಾವಿರಕ್ಕೊಬ್ಬರು ಎಲ್ಲಿಂದ ಬಂದರು ಎಂದು ಅಲ್ಲಿ ಕೂತಿದ್ದ ಘಟಾನುಘಟಿಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ದೊಡ್ಡ ಡಾಕ್ಟರಿಗೆ ಈಗ ನಿಜಕ್ಕೂ ಭಯವಾಗಿತ್ತು.

"ರಿಜಿಸ್ಟರ್ ತಗೊಂಡು ಬಾ. ಬರದೇ ಇದ್ದವರಲ್ಲಿ ಯಾರಾದ್ರೂ ಒಬ್ಬರಿಗೆ ಫೋನ್ ಮಾಡೋಣ."

"ಈಗಲಾ ಸರ್?"

"ಈಗಲ್ಲದೆ, ನೀನು ಸ್ಕ್ರೂ ಹಾಕಿದ ಮೇಲಾ?"

ಶಿಷ್ಯ ರಿಜಿಸ್ಟರ್ ತಂದು ಅವರ ಎದೆಯ ಮೇಲೆ ಬಿಡಿಸಿ ಹಿಡಿದ. ದೊಡ್ಡ ಡಾಕ್ಟರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ದರ್ಜಿ, ವಯಸ್ಸು ನಲವತ್ತೊಂದು, ಆಪರೇಷನ್ ಆಗಿ ಹನ್ನೊಂದು ವರ್ಷ. ಫಲಿತಾಂಶ: ಪೂರ್ಣ ಗುಣ. ಕೆಳಗೆ ಅವರದೇ ಸಹಿ, ಬಾಲ ಎಳೆದು ಎರಡು ಚುಕ್ಕಿ ಇಟ್ಟದ್ದು. ಆ ಮನುಷ್ಯನ ಮುಖ ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ಮಲಗಿದಲ್ಲಿಂದಲೇ ನಂಬರ್ ಒತ್ತಿದರು. ಒಬ್ಬ ಹೆಂಗಸು ಫೋನ್ ಎತ್ತಿಕೊಂಡಳು.

"ನಾನಮ್ಮಾ, ನಿಮ್ಮ ಯಜಮಾನರ ಬೆನ್ನು ಆಪರೇಷನ್ ಮಾಡಿದ ಡಾಕ್ಟರು."

"ಅಯ್ಯೋ, ಡಾಕ್ಟ್ರೇ, ನೀವಾ!" ಎಂದವಳೇ ಒಳಗೆ ತಿರುಗಿ ಕೂಗಿದಳು, "ರೀ, ಕೇಳಿಸ್ತಾ? ಡಾಕ್ಟ್ರು ಫೋನ್ ಮಾಡಿದ್ದಾರೆ ಕಣ್ರೀ! ಇಷ್ಟು ವರ್ಷ ಆದ್ರೂ ನಿಮ್ಮನ್ನ ಮರೆತಿಲ್ಲ!"

ದೊಡ್ಡ ಡಾಕ್ಟರು ಫೋನನ್ನು ಕಿವಿಗೆ ಒತ್ತಿಕೊಂಡರು. "ಹೇಗಿದ್ದಾರಮ್ಮಾ? ಆಮೇಲೆ ಒಂದ್ಸಲಾನೂ ಬರಲಿಲ್ವಲ್ಲ?"

ಆ ಕಡೆಯ ದನಿ ಇದ್ದಕ್ಕಿದ್ದಂತೆ ಇಳಿದುಹೋಯಿತು. ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಅವಳು ಸಂಕೋಚದಿಂದ ಹೇಳಿದಳು:

"ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ. ಮನೆಗೆ ಕಳಿಸೋವಾಗ, 'ಚೆನ್ನಾಗಿ ನಡೆಯೋ ಹಾಗಾದ್ಮೇಲೆ ಬಂದು ತೋರಿಸಿ' ಅಂದಿದ್ರಲ್ಲ, ಅದಕ್ಕೇ ಬಂದಿಲ್ಲ. ದಿನಾ ಬೆಳಿಗ್ಗೆ ಗೋಡೆ ಹಿಡ್ಕೊಂಡು ಅಭ್ಯಾಸ ಮಾಡ್ತಾನೇ ಇದ್ದಾರೆ. ಇನ್ನೊಂದು ಸ್ವಲ್ಪ ಟೈಮ್ ಕೊಡಿ."