ಮನೆಬಣ್ಣದ ಸೀಸೆ

ನೆಲದಡಿಯ ಹುಬ್ಬಳ್ಳಿಯಲ್ಲಿ ಮದುವೆಯ ಜವಳಿಗೆ ಹೊರಟವರು ಚೀಲ ಮರೆತರೂ ಮನೆಬಣ್ಣದ ಸೀಸೆ ಮರೆಯುವುದಿಲ್ಲ. ಎಲ್‌ಇಡಿ ದೀಪಗಳೆಲ್ಲ ಉರಿಯುವುದು ನೀಲಿಯಾಗಿಯೇ. ಅವುಗಳ ಗಾಜಿಗೆ ಪ್ರತಿ ಮನೆಯವರೂ ತಾವೇ ಹೂವು, ಬೇರು ಕುದಿಸಿ ಮಾಡಿದ ಬಣ್ಣ ಬಳಿಯುತ್ತಾರೆ. ಅದೇ ಆ ಮನೆಯ ಬೆಳಕು. ಮದುವೆಯ ಸೀರೆಯನ್ನು ಗಂಡನ ಮನೆಯ ಬೆಳಕಿನಲ್ಲಿ ನೋಡಿಯೇ ಕೊಳ್ಳಬೇಕು.

ದಾಕ್ಷಾಯಣಿ ಗಿಳಿಹಸಿರಿನ ಇಳಕಲ್ ಸೀರೆಗೆ ಮನಸೋತಿದ್ದಳು. ಅಂಗಡಿಯ ನಾರಾಯಣಸಾ, ಅವಳ ಅತ್ತೆಯಾಗಲಿರುವ ಪಾರ್ವತೆವ್ವನ ಸೀಸೆ ಬಿಚ್ಚಿ ದೀಪಕ್ಕೆ ಬಣ್ಣ ಬಳಿದ. ಸೀರೆ ಸಗಣಿಯಂತಾಯಿತು.

“ಬ್ಯಾರೆ ತೋರಸ್ಲೇನ್ರಿ?” ಎಂದ.

“ಒಮ್ಮೆ ನಮ್ಮ ಮನಿ ಬೆಳಕಿನ್ಯಾಗ ನೋಡ್ತೀನ್ರಿ ಅತ್ತೀ. ಆಮ್ಯಾಲ ಬಿಟ್ಟಬಿಡ್ತೀನಿ,” ಎಂದು ದಾಕ್ಷಾಯಣಿ ತವರಿನ ಸೀಸೆ ಚಾಚಿದಳು.

ನಾರಾಯಣಸಾ ಗಾಜು ಒರೆಸಿ ಮತ್ತೆ ಬಳಿದ. ಸೀರೆ ಎಳೆ ಚಿಗುರಿನಂತೆ ನಕ್ಕಿತು. ಆದರೆ ಪಾರ್ವತೆವ್ವ ಸೀರೆ ನೋಡುತ್ತಿರಲಿಲ್ಲ. ಮೂಲೆಯಲ್ಲಿ ಚಹಾ ಹೀರುತ್ತಿದ್ದ ಗಂಡ ಚನ್ನಬಸಪ್ಪನನ್ನು ನೋಡುತ್ತಿದ್ದಳು. ಮನೆಯಲ್ಲಿ ಸದಾ ಹಳದಿಯಾಗಿ ಕಾಣುವ ಆ ಕೆನ್ನೆಗಳು ಈ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತಿದ್ದವು. ಗಂಡನಿಗೂ ಮಕ್ಕಳಿಗೂ ಕಾಮಾಲೆಯೆಂದು ನಂಬಿ, ವರ್ಷಗಟ್ಟಲೆ ದಿನಾ ಬೆಳಗ್ಗೆ ನೆಲನೆಲ್ಲಿಯ ಕಷಾಯ ಕುಡಿಸುತ್ತ ಬಂದವಳು ಆಕೆ.

“ಅಯ್ಯ ಶಿವನೇ! ಇವರಿಗೆ ಏನೂ ಆಗಿಲ್ಲಲ್ಲ!”

ಆಮೇಲೆ ಸಾವರಿಸಿಕೊಂಡು, “ಅದ ಸೀರಿ ಕಟ್ರಿ,” ಎಂದಳು. ದಾಕ್ಷಾಯಣಿಯ ಗಲ್ಲ ಹಿಡಿದು, “ಬರೂ ಮುಂದ ನಿಮ್ಮವ್ವನ ಕಡೆ ಈ ಬಣ್ಣ ಕಾಸೂದು ಕಲ್ತ ಬಾ, ನಮ್ಮವ್ವಾ. ನಮ್ಮ ಮನಿ ದೀಪಕ್ಕೆಲ್ಲಾ ಇದನ್ನ ಹಚ್ಚೂಣು,” ಎಂದಳು.

ಚನ್ನಬಸಪ್ಪ ಚಹಾದ ಕಪ್ಪು ಕೆಳಗಿಟ್ಟು ಮೆಲ್ಲಗೆ ಕೇಳಿದ: “ಹಂಗಾರ, ನಾಳಿಂದ ಕಷಾಯ ಇಲ್ಲೇನು?”