ಅಳಿಯ ಹುರಿದ ಕೋಳಿ

ಚಾಕುವನ್ನು ಪೆನ್ನಿನ ಹಾಗೆ ಹಿಡಿದವನ ಕೈಯಲ್ಲಿ ಎಂಥ ಅಡುಗೆಯಾದೀತು? ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಅಳಿಯ ಕೋಳಿಯೊಡನೆ ಕುಸ್ತಿಗೆ ಬಿದ್ದಿರುವುದನ್ನು ಮಾವ ನೋಡುತ್ತಿದ್ದರು. ಒಂದು ತುಂಡು ಹೆಬ್ಬೆರಳಿನಷ್ಟು, ಇನ್ನೊಂದು ಅಂಗೈಯಷ್ಟು. ಸತ್ತ ಮೇಲೂ ಆ ಕೋಳಿಗೆ ಸುಖವಿಲ್ಲ.

ಮಾವ ಹಾಸ್ಟೆಲ್ಲಿನ ಅಡುಗೆಮನೆಯನ್ನು ಆಳಿದವರು. ಈಗ ಕೈ ನಡುಗುತ್ತದೆ. ಒಮ್ಮೆ ಕಾದ ಬಾಣಲೆ ಜಾರಿದ್ದೇ ಸಾಕಾಯಿತು. "ಅಪ್ಪಾ, ಇನ್ಮೇಲೆ ಒಲೆ ಹತ್ರ ಹೋದ್ರೆ ನೋಡು" ಎಂದು ಮಗಳು ಅಪ್ಪಣೆ ಹೊರಡಿಸಿದಳು. ಸೌಟು ಅಳಿಯನ ಪಾಲಾಯಿತು. ಕನ್ನಡಕದ ಅಂಗಡಿಯವನು. ಊರಿಗೆಲ್ಲ ಕಣ್ಣು ಕಾಣುವಂತೆ ಮಾಡುವವನಿಗೆ ತನ್ನ ಮೂಗಿನಡಿ ಬೆಳ್ಳುಳ್ಳಿ ಕರಕಲಾಗುವುದು ಕಾಣುತ್ತಿರಲಿಲ್ಲ.

ಇವತ್ತು ಮಗನೂ ಬಂದಿದ್ದ, ಅಪ್ಪನನ್ನು ತನ್ನ ಮನೆಗೆ ಕರೆದೊಯ್ಯಲು.

"ಇಲ್ಲಿ ನಿಂಗೇನಪ್ಪಾ ಕೆಲಸ? ನಮ್ಮನೇಲಿ ಅಡುಗೆಗೆ ಜನ ಇದಾರೆ. ಟಿವಿ ನೋಡ್ಕೊಂಡು ಕಾಲು ಚಾಚ್ಕೊಂಡಿರು."

ಕಾಲು ಚಾಚಿಕೊಂಡಿರುವುದು ಹೆಣದ ಕೆಲಸ. ಮಾವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಊಟ ಮುಗಿಸಿ ತೀರ್ಮಾನಿಸೋಣ ಎಂದಷ್ಟೇ ಅಂದರು.

ಇಲ್ಲಿ ತಮಗೇನು ಕೆಲಸವೆಂದು ಅವರಿಗೆ ಗೊತ್ತಿತ್ತು. ಅಳಿಯನಿಗೊಂದು ಕೆಟ್ಟ ಚಾಳಿ. ಕೋಳಿಗೆ ದೊಣ್ಣೆಮೆಣಸಿನಕಾಯಿ ಬಿದ್ದು ಬಿಸಿಯೇರುವ ಹೊತ್ತಿಗೆ ಸರಿಯಾಗಿ ಉರಿ ಸಣ್ಣ ಮಾಡಿ, ಫೋನು ಕಿವಿಗಿಟ್ಟುಕೊಂಡು ಬಾಲ್ಕನಿಗೆ ಹೊರಟುಬಿಡುತ್ತಿದ್ದ. ಉಪ್ಪಿನ ಡಬ್ಬಿಯ ಮುಚ್ಚಳ ಹಾಕಲೂ ಸೋಮಾರಿತನ. ಆಗ ಮಾವ ಎದ್ದು, ಉಪ್ಪು, ಕಾಳುಮೆಣಸಿನ ಪುಡಿ, ಒಂದಿಷ್ಟು ಸೋಯಾ ಸಾಸ್ ಹಾಕಿ, ಕೈಯಾಡಿಸಿ, ಕಳ್ಳಬೆಕ್ಕಿನ ಹಾಗೆ ಕುರ್ಚಿಗೆ ಮರಳುತ್ತಿದ್ದರು. ಊಟದ ಮೇಜಿನಲ್ಲಿ ಹೊಗಳಿಕೆಯೆಲ್ಲ ಅಳಿಯನಿಗೆ. ಆ ಮಂಕನೋ ಹಲ್ಲು ಕಿರಿಯುತ್ತಿದ್ದ, ಆ ಕೋಳಿಯನ್ನು ತಾನೇ ಹೆತ್ತವನ ಹಾಗೆ.

ಇವತ್ತು ತಿನ್ನಲಿ, ತಾನು ಬೇಯಿಸಿದ್ದನ್ನೇ. ಈ ಮುದುಕನಿಲ್ಲದಿದ್ದರೆ ಈ ಮನೆಯ ಗತಿಯೇನೆಂದು ಎಲ್ಲರ ನಾಲಿಗೆಗೂ ತಿಳಿಯಲಿ.

ಅಳಿಯ ಉರಿ ತಗ್ಗಿಸಿದ. "ಹಲೋ... ಹಾಂ, ಹೇಳಿ ಸಾರ್" ಎನ್ನುತ್ತ ಹೊರಗೆ ನಡೆದ.

ಮಾವ ಕೈಕಟ್ಟಿ ಕೂತರು.

ಅಳಿಯ ಬಂದು ಚಮಚದ ತುದಿಯಿಂದ ರುಚಿ ನೋಡಿದ. ತಿರುಗಿ ಮಾವನನ್ನು ನೋಡಿದ.

"ಮಾವ, ಹುಷಾರಾಗಿದೀರಿ ತಾನೆ?"

"ನಂಗೇನು ಧಾಡಿ? ಗುಂಡುಕಲ್ಲಿನ ಹಾಗಿದೀನಿ."

"ಹಾಗಾದ್ರೆ... ಇನ್ನೊಂದು ಫೋನಿದೆ" ಎಂದು ಮತ್ತೆ ಹೊರಟ.

ಒಲೆಯ ಮೇಲೆ ಕೋಳಿ ಬಿಟ್ಟು ಊರ ಪಂಚಾಯಿತಿ! ಮಾವ ಕದಲಲಿಲ್ಲ. ಈ ಸಲ ಅವನು ಬಹಳ ಹೊತ್ತು ಬಿಟ್ಟು ಬಂದ. ಬಾಣಲೆಯಲ್ಲಿದ್ದುದು ಇದ್ದ ಹಾಗೇ ತಟ್ಟೆಗೆ ಬಿತ್ತು.

ಮಗ ಮೊದಲ ತುತ್ತಿಗೇ ಅಗಿಯುವುದನ್ನು ನಿಲ್ಲಿಸಿದ. "ಇದೇನಿದು, ಆಸ್ಪತ್ರೆ ಊಟ ಇದ್ದ ಹಾಗಿದೆ!"

"ರೀ, ಉಪ್ಪೇ ಮರೆತ್ರಾ?" ಎಂದಳು ಮಗಳು.

ಮಾವ ಮೀಸೆಯೊಳಗೇ ನಕ್ಕರು. ಆ ನಗು ಬಾಳಲಿಲ್ಲ. ಮಗ ತಟ್ಟೆ ಆಚೆ ತಳ್ಳಿದ.

"ಅಪ್ಪಾ, ದಿನಾ ಇದನ್ನ ತಿಂದ್ಕೊಂಡಿದೀಯಾ? ಇನ್ನೇನೂ ಯೋಚ್ನೆ ಬೇಡ. ಬಟ್ಟೆ ತುಂಬ್ಕೋ, ಈಗ್ಲೇ ಹೊರಡೋಣ."

ಕದ್ದು ಮಾಡಿದ ಕೆಲಸವನ್ನು ನಿಲ್ಲಿಸಿದರೆ ನಿಂತದ್ದು ಯಾರಿಗೆ ಗೊತ್ತಾಗಬೇಕು? ಬಾಯಿ ಬಿಟ್ಟರೆ ಮಗಳ ಅಪ್ಪಣೆ ಮುರಿದ ತಪ್ಪು, ಬಿಡದಿದ್ದರೆ ಗಂಟುಮೂಟೆ. ನಡುಗುವ ಕೈಯನ್ನು ಮಾವ ಮೇಜಿನ ಕೆಳಗೆ ಅಡಗಿಸಿಕೊಂಡರು.

ಅಳಿಯ ತಲೆ ತಗ್ಗಿಸಿಕೊಂಡೇ ಹೇಳಿದ:

"ಕರ್ಕೊಂಡು ಹೋಗ್ಬೇಡಿ ಭಾವ, ಈ ಮನೇಲಿ ಉಪ್ಪು ಹಾಕೋರು ಅವರೇ; ಅವರು ಎದ್ದು ಬಂದು ಹಾಕ್ಲಿ ಅಂತಾನೇ ನಾನು ದಿನಾ, ಬರದೇ ಇರೋ ಫೋನಿಗೆ ಹಲೋ ಅಂದ್ಕೊಂಡು ಹೊರಗೆ ನಿಂತಿರ್ತೀನಿ."