ಚರ್ಚಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಮೊನ್ನೆ ಮಗಳು ಹುಟ್ಟುಹಬ್ಬದ ಮೇಣದಬತ್ತಿ ಊದಿದಾಗ ಎದ್ದ ಹೊಗೆಯ ವಾಸನೆಗೆ ಚಾಮರಾಜಪೇಟೆಯ ಆ ಭಾನುವಾರದ ಮಧ್ಯಾಹ್ನ ನೆನಪಾಯಿತು.

ಅಜ್ಜಿಯ ಜೊತೆ ಮಾರ್ಕೆಟ್ಟಿಂದ ಬರುತ್ತಿದ್ದೆ. ಚರ್ಚಿನೊಳಗಿಂದ ಗಿಟಾರು, ಡ್ರಮ್ಮು ಕೇಳಿಸಿತು. ಗೇಟಿನಲ್ಲಿ ಹೊಸ ಭಕ್ತಿಗೀತೆಗಳ ಕಾರ್ಯಕ್ರಮವೆಂದು ಬೋರ್ಡಿತ್ತು. ನೋಡಲೇಬೇಕೆಂದು ಹಟ ಮಾಡಿದೆ. ಬೀದಿಯ ಮಕ್ಕಳಿಗೆಲ್ಲ ಸಂಗೀತ ಹೇಳಿಕೊಡುತ್ತಿದ್ದ ಅಜ್ಜಿ, "ದೇವರ ಹಾಡಿಗೆ ಡ್ರಮ್ ಬೇರೆ" ಎಂದು ಗೊಣಗುತ್ತಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ನನ್ನದನ್ನೂ ಬಿಡಿಸಿದರು. ಅಲ್ಲಿ ಬೇರೆ ಯಾರೂ ಬಿಟ್ಟಿರಲಿಲ್ಲ.

ಒಳಗೆಲ್ಲ ಮೇಣದಬತ್ತಿಯ ಹೊಗೆಯ ವಾಸನೆ. ಹಿಂದಿನ ಬೆಂಚಿನಲ್ಲಿ ಕೂತೆವು. ಬಿಳಿ ಸೀರೆಯ ಹೆಂಗಸೊಬ್ಬಳು ಮೈಕಿನ ಮುಂದೆ ಬಂದು, ಕಣ್ಣು ಮುಚ್ಚಿ ಹಾಡತೊಡಗಿದಳು.

ಅಮ್ಮ. ಟೈಲರಿಂಗ್ ಕ್ಲಾಸಿಗೆ ಹೋಗ್ತೀನಿ ಅಂದಿದ್ದ ಅಮ್ಮ.

"ನಿನ್ನ ಗಂಟಲಿಗೆ ಸಂಗೀತ ಒಗ್ಗಲ್ಲ ಬಿಡು" ಎಂದು ಅಜ್ಜಿ ಯಾವಾಗಲೋ ಅಮ್ಮನಿಗೆ ಹೇಳಿದ್ದರಂತೆ. ಅಮ್ಮ ಮನೆಯಲ್ಲಿ ಗುನುಗಿದ್ದನ್ನೂ ನಾನು ಕೇಳಿರಲಿಲ್ಲ. ಈಗ ಆ ದನಿ ಚರ್ಚಿನ ಮಾಡಿನವರೆಗೂ ತುಂಬಿಕೊಂಡಿತ್ತು. ತಾಳ ಹಾಕಲು ತೊಡೆಯ ಮೇಲಿಂದ ಎದ್ದ ಅಜ್ಜಿಯ ಕೈ ಅರ್ಧಕ್ಕೇ ನಿಂತುಬಿಟ್ಟಿತು.

ಚಪ್ಪಾಳೆ ಬೀಳುತ್ತಿದ್ದಂತೆ ಅಜ್ಜಿ ನನ್ನನ್ನು ಎಳೆದುಕೊಂಡು ಹೊರಟರು. ಕಾದ ರಸ್ತೆಯಲ್ಲಿ ಮನೆಯವರೆಗೂ ಬರಿಗಾಲಲ್ಲೇ ನಡೆದರು. ಅವರಿಗೆ ಗೊತ್ತೇ ಆಗಲಿಲ್ಲ. ಸುಡುವ ಕಾಲು ಎತ್ತೆತ್ತಿ ಇಡುತ್ತ ನಾನೂ ಹಿಂದೆಯೇ ಓಡಿದೆ.

ಸಂಜೆ ಅಮ್ಮ ಬಂದಳು. ಕೈಯಲ್ಲಿ ನಮ್ಮಿಬ್ಬರ ಚಪ್ಪಲಿ. ಹೊಸಿಲ ಹತ್ತಿರ ಜೋಡಿಸಿಟ್ಟು, ಅಲ್ಲೇ ನಿಂತಳು.

ಅಜ್ಜಿ ಚಪ್ಪಲಿಯನ್ನೇ ನೋಡುತ್ತ, "ಯಾರು ಹೇಳ್ಕೊಟ್ಟಿದ್ದು?" ಎಂದರು.

"ನೀವೇ, ಅತ್ತೆ. ನಿಮ್ಮ ಪಾಠ ಅಡುಗೆಮನೆಗೂ ಕೇಳಿಸ್ತಿತ್ತು."